ನಷ್ಟದಲ್ಲಿರುವ ಸಣ್ಣ ವಾಹನ ಕಂಪನಿ: ಕೈಯಲ್ಲಿರುವ ಹಣ ಎಷ್ಟು ತಿಂಗಳು ಬಂದೀತು?

ಮಾಳಮಡ್ಡಿ ಮಾಸ್ತರ

ಎಲ್ಲರಿಗೂ ನಮಸ್ಕಾರ. ಧಾರವಾಡದ ಪ್ರೌಢಶಾಲೆಯೊಂದರಲ್ಲಿ ಗಣಿತ ಕಲಿಸುತ್ತೇನೆ. ಅದಕ್ಕೇ ಈ ಪ್ರಶ್ನೆ ಕೇಳಲು ಸ್ವಲ್ಪ ನಾಚಿಕೆ.

ಎರಡು ವರ್ಷದ ಹಿಂದೆ ವಿದ್ಯುತ್ ಸರಕು ಆಟೊ ತಯಾರಿಸುವ ಹೊರರಾಜ್ಯದ ಸಣ್ಣ ಕಂಪನಿಯೊಂದರ 1,500 ಷೇರುಗಳನ್ನು 84 ರೂಪಾಯಿಯಂತೆ ಕೊಂಡೆ. ಯಾರ ಸಲಹೆಯೂ ಇರಲಿಲ್ಲ. ಬೆಳಗಿನ ಹೊತ್ತು ಸೂಪರ್ ಮಾರ್ಕೆಟ್‌ಗೆ ತರಕಾರಿಗೆ ಹೋದಾಗ ಆ ಕಂಪನಿಯ ಗಾಡಿಗಳೇ ಕಣ್ಣಿಗೆ ಬೀಳುತ್ತಿದ್ದವು. ಇಷ್ಟು ಓಡುವ ಗಾಡಿಯ ಕಂಪನಿ ಎಲ್ಲಿ ಹೋದೀತು ಎಂದುಕೊಂಡೆ. ಈಗ ಬೆಲೆ 31. ನನ್ನ 1,26,000 ರೂಪಾಯಿ 46,500 ಆಗಿ ಕುಳಿತಿದೆ.

ಕಂಪನಿಯ ಹೆಸರು ಹೇಳುವುದಿಲ್ಲ, ದಯವಿಟ್ಟು ಊಹಿಸಿ ಬರೆಯಲೂ ಬೇಡಿ. ಅಂಕಿಗಳನ್ನು ಕೋಟಿಗೆ ದುಂಡಗೆ ಮಾಡಿದ್ದೇನೆ. 2025ರ ಮಾರ್ಚ್‌ಗೆ ಮುಗಿದ ವರ್ಷದಲ್ಲಿ ಮಾರಾಟ 118 ಕೋಟಿ, ಹಿಂದಿನ ವರ್ಷ 142. ನಷ್ಟ 46 ಕೋಟಿ, ಹಿಂದಿನ ವರ್ಷ 38. ಇಷ್ಟು ಕೆಟ್ಟ ಸುದ್ದಿ. ಒಳ್ಳೆಯ ಸುದ್ದಿಯೂ ಇದೆ. ನಗದು ಮತ್ತು ಬ್ಯಾಂಕ್ ಶಿಲ್ಕು 22 ಕೋಟಿಯಿಂದ 27ಕ್ಕೆ ಏರಿದೆ. ದಿನನಿತ್ಯದ ವ್ಯವಹಾರದಿಂದ ಸೋರಿಹೋದ ನಗದು ಹಿಂದಿನ ವರ್ಷ 30 ಕೋಟಿ ಇದ್ದದ್ದು ಈ ವರ್ಷ ಬರೀ 9 ಕೋಟಿ.

ಯೂಟ್ಯೂಬ್‌ನಲ್ಲಿ ಒಬ್ಬರು, “27ನ್ನು 9ರಿಂದ ಭಾಗಿಸಿ, ಮೂರು ವರ್ಷ ಚಿಂತೆಯಿಲ್ಲ” ಎಂದರು. ಭಾಗಾಕಾರ ಸರಿಯಾಗಿಯೇ ಇದೆ. ಆದರೆ ಮಾರಾಟ ಇಳಿದು, ನಷ್ಟ ಏರಿ, ಸೋರಿಕೆ ಮಾತ್ರ ಮೂರನೆಯ ಒಂದು ಭಾಗಕ್ಕಿಂತ ಕಡಿಮೆಯಾಗುವುದು ಹೇಗೆ? ತರಗತಿಯಲ್ಲಿ ಹುಡುಗನೊಬ್ಬ ಇಂತಹ ಉತ್ತರ ತಂದರೆ, ಲೆಕ್ಕ ಮಾಡಿದ ಹಾಳೆ ತೋರಿಸು ಎನ್ನುತ್ತೇನೆ. ಇಲ್ಲಿ ಆ ಹಾಳೆ ಎಲ್ಲಿದೆ ಎಂದು ನನಗೆ ತಿಳಿಯುತ್ತಿಲ್ಲ.

ಕೊಪ್ಪಿಕರ ರಸ್ತೆ

ಮಾಸ್ತರೇ, ಹಾಳೆ ಹುಡುಕುವುದು ಬಿಡಿ, ಚಾರ್ಟ್ ನೋಡಿ. 28ರ ಹತ್ತಿರ ಮೂರು ಸಲ ಬಂದು ಮೂರು ಸಲವೂ ತಿರುಗಿದೆ. ಅಲ್ಲಿ ಯಾರೋ ದೊಡ್ಡವರು ಕೊಳ್ಳುತ್ತಿದ್ದಾರೆ. ಇನ್ನೊಂದು 1,500 ಕೊಂಡು ಸರಾಸರಿಯನ್ನು 57-58ಕ್ಕೆ ಇಳಿಸಿಕೊಳ್ಳಿ. ವಿದ್ಯುತ್ ವಾಹನ ಎಂದರೆ ಮುಂದಿನ ಹತ್ತು ವರ್ಷದ ಕಥೆ. ಟೆಸ್ಲಾ ಕೂಡ ವರ್ಷಗಟ್ಟಲೆ ನಷ್ಟದಲ್ಲಿಯೇ ಇತ್ತು.

ಕೇಶ್ವಾಪುರದ ನಿವೃತ್ತ

ಬ್ಯಾಂಕಿನಲ್ಲಿ 31 ವರ್ಷ, ಅದರಲ್ಲಿ ಹೆಚ್ಚಿನ ಕಾಲ ಸಾಲದ ಮೇಜಿನ ಮುಂದೆ ಕಳೆದವನು. ಮಾಸ್ತರ ಸಂಶಯ ಸರಿಯಾಗಿದೆ. ಅವರು ಕೇಳುವ ಹಾಳೆ ವಾರ್ಷಿಕ ವರದಿಯಲ್ಲಿಯೇ ಇದೆ. ನಗದು ಹರಿವಿನ ತಖ್ತೆಯಲ್ಲಿ ‘ದುಡಿಯುವ ಬಂಡವಾಳದ ಬದಲಾವಣೆ’ ಎಂಬ ನಾಲ್ಕಾರು ಸಾಲುಗಳಿರುತ್ತವೆ. ಮಾಸ್ತರೇ, ಸರಬರಾಜುದಾರರಿಗೆ ಕೊಡಬೇಕಾದ ಬಾಕಿ, ದಾಸ್ತಾನು, ಬರಬೇಕಾದ ಬಾಕಿ, ಈ ಮೂರನ್ನು ಎರಡೂ ವರ್ಷಕ್ಕೆ ಬರೆದು ಹಾಕಿ. ಸವಕಳಿ, ಬಡ್ಡಿ, ಯಂತ್ರ ಮತ್ತು ಹೊಸ ಮಾದರಿಗೆ ಮಾಡಿದ ಖರ್ಚನ್ನೂ ಹಾಕಿ. ಇನ್ನೊಂದು ಮುಖ್ಯ ವಿಷಯ: ಆ 27 ಕೋಟಿಯ ಕೆಳಗಿನ ಟಿಪ್ಪಣಿ ಓದಿ. ಅದರಲ್ಲಿ ಬ್ಯಾಂಕಿನ ಹಿಡಿತದಲ್ಲಿರುವ ಠೇವಣಿ ಎಷ್ಟು?

ಮಾಳಮಡ್ಡಿ ಮಾಸ್ತರ

ಊಟ ಬಿಟ್ಟು ಕುಳಿತು ತೆಗೆದೆ. ಕೊಡಬೇಕಾದ ಬಾಕಿ 38 ಕೋಟಿಯಿಂದ 64ಕ್ಕೆ ಏರಿದೆ. ದಾಸ್ತಾನು 49ರಿಂದ 41ಕ್ಕೆ ಇಳಿದಿದೆ. ಬರಬೇಕಾದದ್ದು 22ರಿಂದ 33ಕ್ಕೆ. ಅದರಲ್ಲಿ 14 ಕೋಟಿ ಸರ್ಕಾರದ ಸಬ್ಸಿಡಿ. ಸವಕಳಿ 11, ಬಡ್ಡಿ 9. ಯಂತ್ರ ಮತ್ತು ಹೊಸ ಮಾದರಿಯ ಖರ್ಚು 10. ತೆರಿಗೆಗೆ ಮೊದಲಿನ ನಷ್ಟ 52. ‘ಮುಂದೂಡಿದ ತೆರಿಗೆ’ ಎಂದು 6 ಕೋಟಿ ಜಮಾ ತೋರಿಸಿ ಅದನ್ನು 46 ಮಾಡಿದ್ದಾರೆ.

27 ಕೋಟಿಯಲ್ಲಿ 15 ಕೋಟಿ ಬ್ಯಾಂಕ್ ಗ್ಯಾರಂಟಿಗಳಿಗೆ ಮಾರ್ಜಿನ್ ಹಣ. ಇದು 41ನೇ ಟಿಪ್ಪಣಿಯಲ್ಲಿ, ಕನ್ನಡಕವನ್ನು ಮೇಲೆ ಕೆಳಗೆ ಮಾಡಿ ಓದುವಷ್ಟು ಸಣ್ಣ ಅಕ್ಷರದಲ್ಲಿದೆ.

ಕೇಶ್ವಾಪುರದ ನಿವೃತ್ತ

ಈಗ ಲೆಕ್ಕ ತಾನಾಗಿ ಬಿಚ್ಚಿಕೊಳ್ಳುತ್ತದೆ. ನಷ್ಟ 52. ಅದರಿಂದ ಸವಕಳಿ 11 (ಬರಹದ ಖರ್ಚು, ನಗದು ಹೋಗುವುದಿಲ್ಲ), ಬಡ್ಡಿ 9 (ತಖ್ತೆಯಲ್ಲಿ ಬೇರೆ ಕಡೆ ಬರುತ್ತದೆ) ತೆಗೆದರೆ ವ್ಯವಹಾರದ ಮೂಲ ಸೋರಿಕೆ 32. ಬರಬೇಕಾದದ್ದು 11 ಹೆಚ್ಚಾಯಿತು, ಅಷ್ಟು ಹಣ ಹೊರಗೆ ಸಿಕ್ಕಿಕೊಂಡಿತು. ದಾಸ್ತಾನು ಕರಗಿಸಿ 8 ಬಂತು. ಸರಬರಾಜುದಾರರಿಗೆ ಕೊಡದೆ ಉಳಿಸಿಕೊಂಡದ್ದು 26. ಕೂಡಿ ಕಳೆದರೆ ಬರೋಬ್ಬರಿ 9. ಸೋರಿಕೆ ನಿಂತದ್ದಲ್ಲ; ಬೇರೆಯವರ ಕೊಡದಿಂದ ನೀರು ಸುರಿದುಕೊಂಡು ತಮ್ಮ ಕೊಡ ತುಂಬಿದೆ ಎಂದು ತೋರಿಸಿದ್ದಾರೆ.

ಯೂಟ್ಯೂಬ್‌ನವರ ಮೂರು ವರ್ಷವನ್ನು ಇನ್ನೊಮ್ಮೆ ನೋಡೋಣ. 9ಕ್ಕೆ ಬಡ್ಡಿಯ 9 ಮತ್ತು ಯಂತ್ರ, ಮಾದರಿಯ 10 ಸೇರಿಸಬೇಕು, ಏಕೆಂದರೆ ಅವೂ ಅದೇ ಜೇಬಿನಿಂದ ಹೋಗುವ ಹಣ. 28 ಕೋಟಿ ಆಯಿತು. ಆಗ 27 ಕೋಟಿ ಒಂದು ವರ್ಷಕ್ಕೂ ಸಾಲದು. ಮುಂದಿನ ವರ್ಷವೂ ಸರಬರಾಜುದಾರರು ಇನ್ನೊಂದು 26 ಕೋಟಿ ಉದ್ರಿ ಕೊಡುತ್ತಾರೆಂದು ನಂಬುವಂತಿಲ್ಲ. ಅದನ್ನು ತೆಗೆದರೆ ವರ್ಷಕ್ಕೆ 54, ತಿಂಗಳಿಗೆ ನಾಲ್ಕೂವರೆ ಕೋಟಿ. ನಗದಿನಲ್ಲಿ ನಿಜವಾಗಿ ಮುಟ್ಟಬಹುದಾದದ್ದು 12. ಮೂರು ತಿಂಗಳೂ ಬಾರದು.

ಯಾರಾದರೂ, “ದಾಸ್ತಾನು, ಸಬ್ಸಿಡಿ ಎಲ್ಲವನ್ನೂ ಬಿಟ್ಟು ಮೂಲ ಸೋರಿಕೆ 32ನ್ನೇ ಹಿಡಿಯಿರಿ” ಎನ್ನಬಹುದು. ಹಿಡಿಯೋಣ. ಬಡ್ಡಿ, ಯಂತ್ರದ 19 ಸೇರಿ ವರ್ಷಕ್ಕೆ 51 ಕೋಟಿ, ಉತ್ತರ ಅಲ್ಲಿಯೇ ನಿಲ್ಲುತ್ತದೆ.

ಸಾಲ ಕೇಳಲು ಬಂದವರು ಲಾಭದ ಹಾಳೆಯನ್ನು ಮುಂದಿಡುತ್ತಿದ್ದರು. ನಾನು ಮೊದಲು ಕೇಳುತ್ತಿದ್ದದ್ದು ಸ್ಟಾಕ್ ಸ್ಟೇಟ್‌ಮೆಂಟ್ ಮತ್ತು ಬಾಕಿದಾರರ ಪಟ್ಟಿ. ಲಾಭ ಬರೆಯುವವನ ಕೈಯಲ್ಲಿ ಪೆನ್ನು ಇರುತ್ತದೆ, ಬಾಕಿಯವನ ಕೈಯಲ್ಲಿ ಬಿಲ್ಲು ಇರುತ್ತದೆ.

ತಾರಿಹಾಳ ಲೇಥ್

ಆ ಕೊಡದಲ್ಲಿ ನನ್ನ ನೀರೂ ಇದೆ ಎನ್ನಿಸುತ್ತಿದೆ. ಮಾಸ್ತರ ಕಂಪನಿಯೇ ನನ್ನದೂ ಎಂದು ಹೇಳುತ್ತಿಲ್ಲ, ಹೆಸರು ಕೇಳುವುದೂ ಇಲ್ಲ. ತಾರಿಹಾಳದಲ್ಲಿ ಆರು ಯಂತ್ರಗಳ ಸಣ್ಣ ಘಟಕ ನಮ್ಮದು. ಬುಷ್, ಸ್ಪೇಸರ್, ಮೋಟಾರ್ ಕೂರಿಸುವ ಬ್ರಾಕೆಟ್ ಮಾಡಿ ಇಂತಹದೇ ಒಂದು ಕಂಪನಿಗೆ ಕಳಿಸುತ್ತೇನೆ. ಗೋಕುಲ ರಸ್ತೆ, ಧಾರವಾಡದ ಬೇಲೂರು ಕೈಗಾರಿಕಾ ಪ್ರದೇಶದ ಕಡೆಯ ಹಳಬರನ್ನು ಕೇಳಿದರೂ ಇದೇ ಮಾತು ಹೇಳುತ್ತಾರೆ: ಅಢಾವೆ ಪತ್ರಿಕೆ ಮಾರ್ಚ್‌ಗೊಮ್ಮೆ ಬರುತ್ತದೆ, ನಮಗೆ ತಿಳಿಯುವುದು ಅದಕ್ಕೂ ಬಹಳ ಮೊದಲು.

ಮೊದಲು 45 ದಿನಕ್ಕೆ ಬರುತ್ತಿದ್ದ ಹಣ 60ಕ್ಕೆ ಬಂತು, ಆಮೇಲೆ 90ಕ್ಕೆ. ನಂತರ ಬಿಲ್ಲಿನ ಅರ್ಧ. ನಂತರ ಎಂಟು ತಿಂಗಳ ಹಿಂದೆ ಒಪ್ಪಿಕೊಂಡಿದ್ದ ಮಾಲಿಗೆ ಗುಣಮಟ್ಟ ಸರಿಯಿಲ್ಲ ಎಂದು ಡೆಬಿಟ್ ನೋಟ್, ಅಂದರೆ ಬಿಲ್ಲಿನಿಂದ ಹಣ ಕಡಿದ ಚೀಟಿ. 500 ನಗದ ಆರ್ಡರ್ 120ಕ್ಕೆ ಇಳಿಯಿತು. ಇವೆಲ್ಲಕ್ಕಿಂತ ನನಗೆ ಭಯ ಹುಟ್ಟಿಸಿದ್ದು ಬೇರೆ. ಮಾಲು ಒಂದು ದಿನ ತಡವಾದರೂ ಖರೀದಿ ವಿಭಾಗದ ಆ ಮನುಷ್ಯ ಫೋನಿನಲ್ಲಿ ಬೈಯುತ್ತಿದ್ದ. ಕಳೆದ ದೀಪಾವಳಿಯ ನಂತರ ಬೈಯುವುದನ್ನು ನಿಲ್ಲಿಸಿಬಿಟ್ಟ. ಹತ್ತು ದಿನ ತಡವಾದರೂ “ನಿಧಾನವಾಗಿ ಕಳಿಸಿ ಸರ್” ಎನ್ನುತ್ತಾನೆ. ಅಂದು ರಾತ್ರಿ ನಾನು ನಿದ್ದೆ ಮಾಡಲಿಲ್ಲ.

ಕಾನೂನು ಇಲ್ಲವೆಂದಲ್ಲ. 2006ರ ಕಾಯ್ದೆಯ ಪ್ರಕಾರ ಸಣ್ಣ ಘಟಕಕ್ಕೆ ಹೆಚ್ಚೆಂದರೆ 45 ದಿನದೊಳಗೆ ಹಣ ಕೊಡಬೇಕು. ತಡವಾದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಬಡ್ಡಿ, ಅದೂ ತಿಂಗಳಿಗೊಮ್ಮೆ ಚಕ್ರಬಡ್ಡಿ. ಸರ್ಕಾರದ ಪೋರ್ಟಲ್‌ನಲ್ಲಿ ದೂರು ಹಾಕಬಹುದು. ಹಾಕಿದ ಮರುದಿನ ಆರ್ಡರ್ ನಿಲ್ಲುತ್ತದೆ, ಅಷ್ಟೇ. ಇತ್ತ ಜಿಎಸ್‌ಟಿಯನ್ನು ನಾನು ಬಿಲ್ಲು ಹಾಕಿದ ಮರುತಿಂಗಳೇ ಕಟ್ಟಿ ಆಗಿರುತ್ತದೆ. ಅಂದರೆ ಬರದ ಹಣಕ್ಕೆ ತೆರಿಗೆ ಕೊಟ್ಟವನು ನಾನು.

ಆರ್ಟಿಕಲ್‌ಶಿಪ್ ಎರಡನೇ ವರ್ಷ

ವಿದ್ಯಾನಗರದ ಒಂದು ಲೆಕ್ಕಪರಿಶೋಧಕರ ಕಚೇರಿಯಲ್ಲಿ ತರಬೇತಿಯಲ್ಲಿದ್ದೇನೆ. ಲೇಥ್ ಅಣ್ಣ ಹೇಳಿದ್ದನ್ನು ವರದಿಯಲ್ಲಿಯೇ ಹಿಡಿಯಬಹುದು. 2021ರಲ್ಲಿ ಕಂಪನಿ ಕಾಯ್ದೆಯ ಮೂರನೇ ಅನುಸೂಚಿಗೆ ತಿದ್ದುಪಡಿಯಾದ ಮೇಲೆ ಕೊಡಬೇಕಾದ ಬಾಕಿಯನ್ನು ವಯಸ್ಸಿನ ಪ್ರಕಾರ ವಿಂಗಡಿಸಿ ತೋರಿಸುವುದು ಕಡ್ಡಾಯ: ಒಂದು ವರ್ಷದೊಳಗಿನದು, ಒಂದರಿಂದ ಎರಡು ವರ್ಷದ್ದು, ಹೀಗೆ. ಸೂಕ್ಷ್ಮ ಮತ್ತು ಸಣ್ಣ ಘಟಕಗಳ ಬಾಕಿಗೆ ಬೇರೆಯದೇ ಸಾಲು ಇರುತ್ತದೆ. ಮಾಸ್ತರೇ, ಅದನ್ನು ನೋಡಿ. ಅದರ ಕೆಳಗೆ, ಸಣ್ಣ ಘಟಕಗಳಿಗೆ ಕೊಡಬೇಕಾದ ಬಡ್ಡಿ ಎಷ್ಟು ಎಂದು ತೋರಿಸಿದ್ದಾರೆಯೇ ಎಂಬುದನ್ನೂ ನೋಡಿ. ಹಳೆಯ ಬಾಕಿ ಇದ್ದೂ ಬಡ್ಡಿಯ ಜಾಗದಲ್ಲಿ ಸೊನ್ನೆ ಇದ್ದರೆ, ಒಪ್ಪಿಕೊಳ್ಳದ ಹೊಣೆ ಇನ್ನೂ ಇದೆ ಎಂದರ್ಥ.

ಆದಾಯ ತೆರಿಗೆ ಕಾಯ್ದೆಯಲ್ಲಿ 43ಬಿ(ಎಚ್) ಎಂಬ ಕಲಮು ಬಂದ ಮೇಲೆ ದೊಡ್ಡವರು ಸಣ್ಣವರಿಗೆ ಬೇಗ ಹಣ ಕೊಡುತ್ತಾರೆ ಎನ್ನುತ್ತಾರೆ. ಕೊಡದಿದ್ದರೆ ಆ ವರ್ಷ ಖರ್ಚೆಂದು ಕಳೆಯುವಂತಿಲ್ಲ, ತೆರಿಗೆ ಹೆಚ್ಚುತ್ತದೆ ಎಂಬ ಹೆದರಿಕೆ. ಆದರೆ ತೆರಿಗೆಯನ್ನೇ ಕಟ್ಟದ ನಷ್ಟದ ಕಂಪನಿಗೆ ಆ ಹೆದರಿಕೆ ಅಷ್ಟಾಗಿ ತಟ್ಟುವುದಿಲ್ಲ.

ಇನ್ನು ಲೆಕ್ಕಪರಿಶೋಧಕರ ವರದಿ. ಎಲ್ಲರೂ ಮೊದಲ ಪುಟದ “ನಮ್ಮ ಅಭಿಪ್ರಾಯದಲ್ಲಿ” ಎಂಬುದನ್ನು ಓದಿ ಮುಚ್ಚಿಡುತ್ತಾರೆ. ಓದಬೇಕಾದದ್ದು ಹಿಂದಿನ ಅನುಬಂಧ, ಅಂದರೆ ಲೆಕ್ಕಪರಿಶೋಧಕರು ಉತ್ತರಿಸಲೇಬೇಕಾದ ಪ್ರಶ್ನೆಗಳಿರುವ 2020ರ ಸರ್ಕಾರಿ ಆದೇಶದಂತೆ (ಕ್ಯಾರೊ) ಬರೆಯುವ ಉತ್ತರಗಳು. ನಗದು ನಷ್ಟವಾಗಿದೆಯೇ ಎಂಬುದು 17ನೇ ಅಂಶ. ಹಿಂದಿನ ಲೆಕ್ಕಪರಿಶೋಧಕರು ನಡುವೆ ರಾಜೀನಾಮೆ ಕೊಟ್ಟರೇ ಎಂಬುದು 18ನೆಯದು. ಮುಂದಿನ ಒಂದು ವರ್ಷದಲ್ಲಿ ತೀರಿಸಬೇಕಾದ ಹೊಣೆಗಳನ್ನು ಕಂಪನಿ ತೀರಿಸಬಲ್ಲದೇ ಎಂಬುದು 19. ಸಾಲದ ಕಂತು ತಪ್ಪಿದೆಯೇ ಎಂಬುದು 9. ನೌಕರರ ಭವಿಷ್ಯ ನಿಧಿ, ಜಿಎಸ್‌ಟಿ ಮುಂತಾದವು ಆರು ತಿಂಗಳಿಗಿಂತ ಹೆಚ್ಚು ಬಾಕಿ ಇವೆಯೇ ಎಂಬುದು 7. ನನ್ನ ಅನುಭವ ಸಣ್ಣದು, ಆದರೂ ಹೇಳುತ್ತೇನೆ: ಭವಿಷ್ಯ ನಿಧಿ ಬಾಕಿ ಬಿದ್ದ ಕಂಪನಿಯ ಬಗ್ಗೆ ಉಳಿದದ್ದನ್ನು ಓದುವ ಅಗತ್ಯವೇ ಇಲ್ಲ.

ಮಾಳಮಡ್ಡಿ ಮಾಸ್ತರ

ತಂಗಿ, ನೀವು ಹೇಳಿದ ಕ್ರಮದಲ್ಲಿಯೇ ನೋಡಿದೆ. ಭವಿಷ್ಯ ನಿಧಿ ಸರಿಯಾಗಿದೆ, ಕಂತು ತಪ್ಪಿಲ್ಲ. 17ರಲ್ಲಿ ನಗದು ನಷ್ಟ 41 ಕೋಟಿ ಎಂದಿದೆ. 19ರಲ್ಲಿ, “ಪ್ರವರ್ತಕರ ಬೆಂಬಲ ಪತ್ರವನ್ನು ಆಧರಿಸಿ” ಹೊಣೆ ತೀರಿಸಬಲ್ಲದು ಎಂದು ಬರೆದಿದ್ದಾರೆ. ಸಣ್ಣ ಘಟಕಗಳ ಬಾಕಿ 29 ಕೋಟಿ, ಅದರಲ್ಲಿ ವರ್ಷ ದಾಟಿದ್ದು 6. ಬಡ್ಡಿಯ ಜಾಗದಲ್ಲಿ ಒಂದು ಅಡ್ಡಗೆರೆ.

ಚಾಲ್ತಿ ಆಸ್ತಿ 110, ಚಾಲ್ತಿ ಹೊಣೆ 144. ನಿವ್ವಳ ಸಂಪತ್ತು 52. ಐದು ಕೋಟಿ ಷೇರುಗಳಿವೆ, ಒಂದಕ್ಕೆ 10 ರೂಪಾಯಿ 40 ಪೈಸೆ ಬೀಳುತ್ತದೆ. ಅಷ್ಟಾದರೂ ಇದೆಯಲ್ಲ ಎಂದು ಸಮಾಧಾನಪಟ್ಟುಕೊಂಡೆ.

ಆರ್ಟಿಕಲ್‌ಶಿಪ್ ಎರಡನೇ ವರ್ಷ

ಸರ್, ಸಮಾಧಾನ ಸ್ವಲ್ಪ ತಡೆಯಲಿ. ಆ 52ರೊಳಗೆ ‘ಮುಂದೂಡಿದ ತೆರಿಗೆ ಆಸ್ತಿ’ ಮತ್ತು ‘ಅಭಿವೃದ್ಧಿಯಲ್ಲಿರುವ ಅಮೂರ್ತ ಆಸ್ತಿ’ ಎಷ್ಟು? ಮೊದಲನೆಯದು, ಮುಂದೆ ಲಾಭ ಬಂದರೆ ಈ ನಷ್ಟ ತೋರಿಸಿ ತೆರಿಗೆ ಉಳಿಸಬಹುದು ಎಂಬ ಆಸೆಗೆ ಕಟ್ಟಿದ ಬೆಲೆ. ಮೇಲಿಂದ ಮೇಲೆ ನಷ್ಟವಾಗುತ್ತಿರುವಾಗ ಅದನ್ನು ಇಟ್ಟುಕೊಳ್ಳಲು ಮನವೊಪ್ಪುವ ಪುರಾವೆ ಬೇಕು ಎನ್ನುತ್ತದೆ ಲೆಕ್ಕ ಮಾನದಂಡ. ಎರಡನೆಯದು ಹೊಸ ಮಾದರಿ ರೂಪಿಸುತ್ತಿರುವ ಎಂಜಿನಿಯರುಗಳ ಸಂಬಳ. ಅದನ್ನು ಖರ್ಚೆಂದು ಬರೆಯದೆ ಆಸ್ತಿಯೆಂದು ಬರೆಯುತ್ತಾರೆ. ಆ ಮಾದರಿ ರಸ್ತೆಗಿಳಿಯದಿದ್ದರೆ ಅದು ಆಸ್ತಿಯೇ ಅಲ್ಲ.

ಮಾಳಮಡ್ಡಿ ಮಾಸ್ತರ

ಒಂದು 21, ಇನ್ನೊಂದು 24. ಒಟ್ಟು 45. ಉಳಿದದ್ದು 7 ಕೋಟಿ, ಷೇರಿಗೆ 1 ರೂಪಾಯಿ 40 ಪೈಸೆ. ಲೈನ್ ಬಜಾರಿನಲ್ಲಿ ಒಂದು ಪೇಢೆಯೂ ಬಾರದು.

ಕೊಪ್ಪಿಕರ ರಸ್ತೆ

ಟೆಸ್ಲಾ ಬಗ್ಗೆ ಯಾರೂ ಉತ್ತರಿಸಲಿಲ್ಲ. 2010ರಲ್ಲಿ ಪೇಟೆಗೆ ಬಂದ ಕಂಪನಿ, ಪೂರ್ತಿ ವರ್ಷದ ಮೊದಲ ಲಾಭ ಕಂಡದ್ದು 2020ರಲ್ಲಿ. ನಿಮ್ಮ ಲೆಕ್ಕ ಹಾಕುತ್ತಾ ಕುಳಿತವರು ಆ ಹತ್ತು ವರ್ಷದಲ್ಲಿ ಏನನ್ನೂ ಕೊಳ್ಳುತ್ತಿರಲಿಲ್ಲ.

ಕೇಶ್ವಾಪುರದ ನಿವೃತ್ತ

ಯಜಮಾನರೇ, ಉತ್ತರಿಸುತ್ತೇನೆ. 2009ರಲ್ಲಿ ಜರ್ಮನಿಯ ವಾಹನ ಕಂಪನಿ ಡೈಮ್ಲರ್ ಟೆಸ್ಲಾದಲ್ಲಿ 5 ಕೋಟಿ ಡಾಲರ್ ಹಾಕಿತು. ಅಮೆರಿಕದ ಇಂಧನ ಇಲಾಖೆ 46.5 ಕೋಟಿ ಡಾಲರ್ ಸಾಲ ಕೊಟ್ಟಿತು, ಅದನ್ನು 2013ರಲ್ಲಿ ಅವಧಿಗೆ ಮೊದಲೇ ತೀರಿಸಿದರು. ಆ ಹತ್ತು ವರ್ಷವೂ ಕೇಳಿದಾಗಲೆಲ್ಲ ಹಣ ಹಾಕುವವರು ಇದ್ದರು, ಮಾರಾಟವೂ ಏರುತ್ತಿತ್ತು. ನಷ್ಟ ಅವರನ್ನು ಕೊಲ್ಲಲಿಲ್ಲ, ಏಕೆಂದರೆ ನಗದು ನಿಲ್ಲಲಿಲ್ಲ.

ಅದೇ ದಾರಿಯಲ್ಲಿ ಹೊರಟ ಉಳಿದವರನ್ನೂ ನೋಡಿ. ಫಿಸ್ಕರ್ 2023ರಲ್ಲಿ 10,000ಕ್ಕೂ ಹೆಚ್ಚು ಕಾರು ತಯಾರಿಸಿ ಅರ್ಧದಷ್ಟನ್ನೂ ಗಿರಾಕಿಗೆ ತಲುಪಿಸಲಿಲ್ಲ. 2024ರ ಫೆಬ್ರವರಿಯಲ್ಲಿ, ಮುಂದುವರಿಯುವುದೇ ಸಂಶಯ ಎಂದು ತಾನೇ ಹೇಳಿತು. ಜೂನ್‌ನಲ್ಲಿ ದಿವಾಳಿ ಅರ್ಜಿ ಹಾಕಿತು. ನಿಕೋಲಾ 2020ರಲ್ಲಿ ಕೆಲವು ದಿನ ಫೋರ್ಡ್‌ಗಿಂತ ಹೆಚ್ಚು ಬೆಲೆ ಬಾಳಿತ್ತು. 2024ರಲ್ಲಿ 30 ಷೇರು ಸೇರಿಸಿ ಒಂದು ಮಾಡಿತು, 2025ರ ಫೆಬ್ರವರಿಯಲ್ಲಿ ನ್ಯಾಯಾಲಯಕ್ಕೆ ಹೋಯಿತು. ಲಾರ್ಡ್ಸ್‌ಟೌನ್, ಪ್ರೊಟೆರಾ, ಕನೂ ಎಲ್ಲವೂ ಇದೇ ಸಾಲಿನವು. ಒಂದು ಟೆಸ್ಲಾವನ್ನು ತೋರಿಸುವವರು ಈ ಸಾಲನ್ನೂ ತೋರಿಸಬೇಕು.

ಸರಾಸರಿ ಇಳಿಸುವುದು ಎಂದಿರಲ್ಲ, ಬ್ಯಾಂಕಿನಲ್ಲಿ ಅದಕ್ಕೆ ಬೇರೆ ಹೆಸರಿತ್ತು. ಹಳೆಯ ಸಾಲ ಮುಳುಗಬಾರದೆಂದು ಹೊಸ ಸಾಲ ಕೊಡುವುದು. ಅದರಿಂದ ಬಡ್ತಿ ತಪ್ಪಿದವರನ್ನು ನಾನು ಬಲ್ಲೆ.

ಗದಗ ಹತ್ತಿ

ದೊಡ್ಡ ದೊಡ್ಡ ಮಾತು ನಡೆದಿದೆ, ನನಗೆ ಒಂದೇ ಸಂಶಯ. ಒಂದು ಗಾಡಿ ಮಾರಿದರೆ ಅವರಿಗೆ ಉಳಿಯುವುದೆಷ್ಟು? ಕ್ವಿಂಟಲಿಗೆ ಏನೂ ಉಳಿಯದ ಹತ್ತಿಯನ್ನು ಹೆಚ್ಚು ಹೆಚ್ಚು ಕೊಂಡರೆ ಲಾಭ ಬರುತ್ತದೆಂದು ನಂಬಿದ್ದ ನಮ್ಮ ಪಾಲುದಾರನೊಬ್ಬ ಈಗ ಬೇರೆಯವರ ಅಂಗಡಿಯಲ್ಲಿ ಲೆಕ್ಕ ಬರೆಯುತ್ತಾನೆ.

ಮಾಳಮಡ್ಡಿ ಮಾಸ್ತರ

ಗದಗದವರ ಪ್ರಶ್ನೆ ನನ್ನ ವಿಷಯಕ್ಕೆ ಸೇರಿದ್ದು. ಭಾನುವಾರ ಅದನ್ನೇ ಮಾಡಿದೆ. ವರ್ಷದಲ್ಲಿ ಮಾರಿದ್ದು 3,700 ಗಾಡಿ. 118 ಕೋಟಿಯನ್ನು ಹಂಚಿದರೆ ಗಾಡಿಗೆ 3.19 ಲಕ್ಷ. ಸಾಮಗ್ರಿಯ ವೆಚ್ಚ 101 ಕೋಟಿ, ಗಾಡಿಗೆ 2.73 ಲಕ್ಷ. ಉಳಿಯುವುದು 46,000. ಬಿಡಿಭಾಗಗಳ ಮಾರಾಟವೂ ಇದರಲ್ಲಿ ಸೇರಿರುವುದರಿಂದ ಸ್ವಲ್ಪ ಹೆಚ್ಚು ಕಡಿಮೆ ಇರಬಹುದು.

ಈ 46,000ದಿಂದ ಸಂಬಳ 28 ಕೋಟಿ, ಇತರ ಖರ್ಚು 21 ಕೋಟಿ, ಒಟ್ಟು 49 ಕೋಟಿ ಎತ್ತಬೇಕು. ಬೇಕಾದದ್ದು ಸುಮಾರು 10,650 ಗಾಡಿ. ಅಷ್ಟು ಮಾರಿದರೂ ಬಡ್ಡಿ, ಸವಕಳಿ ಇನ್ನೂ ಹೊರಗೇ ಉಳಿಯುತ್ತವೆ. ಅಂದರೆ ಈಗಿನ ಮಾರಾಟದ ಮೂರು ಪಟ್ಟು ಆದರೆ ನಷ್ಟದ ದೊಡ್ಡ ಭಾಗ ನಿಲ್ಲುತ್ತದೆ. ಆಗಲಿ ಎಂದುಕೊಂಡು ವಾಹನ್ ಡ್ಯಾಶ್‌ಬೋರ್ಡ್ ತೆರೆದೆ. ಯಾವ ತಯಾರಕರ ಎಷ್ಟು ಗಾಡಿ ಯಾವ ತಿಂಗಳು ನೋಂದಣಿಯಾಯಿತು ಎಂಬುದು ಅಲ್ಲಿ ಎಲ್ಲರಿಗೂ ಉಚಿತವಾಗಿ ಕಾಣುತ್ತದೆ. ಎರಡು ವರ್ಷ ಷೇರು ಇಟ್ಟುಕೊಂಡವನು ಅದನ್ನು ಮೊದಲ ಸಲ ತೆರೆದೆ ಎಂಬುದು ನನ್ನ ದಡ್ಡತನ. ಕಳೆದ ವರ್ಷದ ಸರಾಸರಿ ತಿಂಗಳಿಗೆ 308. ಕಳೆದ ಮೂರು ತಿಂಗಳು 262, 241, 215.

ಅದು ಮುಗಿಯಿತು ಎನ್ನುವಷ್ಟರಲ್ಲಿ ಸಬ್ಸಿಡಿ ನೆನಪಾಯಿತು. ಪಿಎಂ ಇ-ಡ್ರೈವ್ ಯೋಜನೆಯಲ್ಲಿ ಬ್ಯಾಟರಿಯ ಪ್ರತಿ ಕಿಲೋವ್ಯಾಟ್ ಅವರ್‌ಗೆ 5,000 ರೂಪಾಯಿ ಸಿಗುತ್ತಿದ್ದದ್ದು 2025ರ ಏಪ್ರಿಲ್‌ನಲ್ಲಿ 2,500 ಆಯಿತು. ಈ ಗಾಡಿಯ ಬ್ಯಾಟರಿ 10 ಕಿಲೋವ್ಯಾಟ್ ಅವರ್. ಗಾಡಿಗೆ 25,000 ಕಡಿತ. ಬೆಲೆ ಏರಿಸಿದರೆ ಗಿರಾಕಿ ಹೋಗುತ್ತಾನೆ. ಕಂಪನಿಯೇ ಹೊತ್ತರೆ 46,000ದಲ್ಲಿ ಉಳಿಯುವುದು 21,000. ಆಗ 49 ಕೋಟಿ ಎತ್ತಲು 23,000ಕ್ಕೂ ಹೆಚ್ಚು ಗಾಡಿ ಬೇಕು. ಪೆನ್ನು ಕೆಳಗಿಟ್ಟೆ.

ಆರ್ಟಿಕಲ್‌ಶಿಪ್ ಎರಡನೇ ವರ್ಷ

ಕಂಪನಿ ದಿವಾಳಿಯಾಗುವ ಅಪಾಯ ಅಳೆಯುವ ಆಲ್ಟ್‌ಮನ್ ಸೂತ್ರದ ಬಗ್ಗೆ ಒಬ್ಬರು ಖಾಸಗಿ ಸಂದೇಶದಲ್ಲಿ ಕೇಳಿದರು. 1968ರಲ್ಲಿ ನ್ಯೂಯಾರ್ಕ್‌ನ ಎಡ್ವರ್ಡ್ ಆಲ್ಟ್‌ಮನ್ ಅಮೆರಿಕದ 66 ತಯಾರಿಕಾ ಕಂಪನಿಗಳನ್ನು ನೋಡಿ ರೂಪಿಸಿದ್ದು. ಐದು ಅನುಪಾತಗಳಿಗೆ ಬೇರೆ ಬೇರೆ ತೂಕ ಕೊಟ್ಟು ಕೂಡಿಸಿದಾಗ 1.81ಕ್ಕಿಂತ ಕೆಳಗಿದ್ದರೆ ಅಪಾಯ, 2.99ಕ್ಕಿಂತ ಮೇಲಿದ್ದರೆ ನಿರಾಳ. ಮಾಸ್ತರಿಂದ ಒಟ್ಟು ಆಸ್ತಿ 225 ಕೋಟಿ, ಸಂಚಿತ ನಷ್ಟ 160 ಕೋಟಿ ಎಂಬ ಅಂಕಿ ಪಡೆದು ಹಾಕಿದೆ. ಸೊನ್ನೆಗಿಂತ ಕೆಳಗೆ, ಸುಮಾರು ಮೈನಸ್ 0.75 ಬಂತು. ಅದರಲ್ಲೂ 0.54ರಷ್ಟು ಬಲ ಬಂದದ್ದು ಷೇರಿನ ಪೇಟೆ ಬೆಲೆಯಿಂದ. ಬೆಲೆ ಬಿದ್ದರೆ ಅಂಕವೂ ಬೀಳುತ್ತದೆ. ಇಂತಹ ಕಂಪನಿಗೆ ಈ ಸೂತ್ರ ಹೊಸದೇನನ್ನೂ ಹೇಳುವುದಿಲ್ಲ. ಜ್ವರ ಇದೆ ಎಂದು ಗೊತ್ತಾದ ಮೇಲೆ ಥರ್ಮಾಮೀಟರ್ ಇಟ್ಟಂತೆ.

ಅದಕ್ಕಿಂತ ನನಗೆ ಕುತೂಹಲ ಹುಟ್ಟಿಸಿದ್ದು ಪ್ರವರ್ತಕರ ಬೆಂಬಲ ಪತ್ರ. ಬೆಂಬಲಿಸುವವರ ಸ್ಥಿತಿ ಹೇಗಿದೆ? ಅಡವಿಟ್ಟ ಷೇರು, ವಾರಂಟ್ (ಮುಂದೆ ನಿಗದಿತ ಬೆಲೆಗೆ ಷೇರು ಪಡೆಯುವ ಹಕ್ಕು) ಏನಾದರೂ ಇವೆಯೇ ಸರ್?

ಮಾಳಮಡ್ಡಿ ಮಾಸ್ತರ

ಪ್ರವರ್ತಕರ ಪಾಲು ಶೇ 41. ಅದರಲ್ಲಿ ಶೇ 62ರಷ್ಟು ಅಡವಿನಲ್ಲಿದೆ. ಒಂದು ಕೋಟಿ ವಾರಂಟ್‌ಗಳನ್ನು 40 ರೂಪಾಯಿಯಂತೆ ಪಡೆದಿದ್ದಾರೆ, 10 ರೂಪಾಯಿಯಂತೆ ಕಟ್ಟಿದ್ದಾರೆ. ಉಳಿದದ್ದಕ್ಕೆ ಗಡುವು ನವೆಂಬರ್.

ಆರ್ಟಿಕಲ್‌ಶಿಪ್ ಎರಡನೇ ವರ್ಷ

ಹಾಗಾದರೆ ಲೆಕ್ಕ ಇಲ್ಲಿಗೆ ಬಂದು ನಿಲ್ಲುತ್ತದೆ. ಸೆಬಿ ನಿಯಮದಂತೆ ವಾರಂಟ್ ಪಡೆಯುವಾಗ ಕಾಲು ಭಾಗ ಕಟ್ಟಬೇಕು, ಉಳಿದ ಮುಕ್ಕಾಲನ್ನು 18 ತಿಂಗಳೊಳಗೆ. ಕಟ್ಟದಿದ್ದರೆ ಮೊದಲು ಕಟ್ಟಿದ್ದು ಮುಟ್ಟುಗೋಲು. 10 ರೂಪಾಯಿ ಹೋದದ್ದು ಹೋಯಿತು. ಈಗ ಅವರ ಮುಂದಿರುವ ಪ್ರಶ್ನೆ ಒಂದೇ: ಇನ್ನೂ 30 ಕೊಟ್ಟು, ಪೇಟೆಯಲ್ಲಿ 31ಕ್ಕೆ ಸಿಗುವ ಷೇರನ್ನು ಪಡೆಯಬೇಕೇ? ಬೆಲೆ 30ರ ಕೆಳಗೆ ಹೋದರೆ ಬಿಟ್ಟುಬಿಡುವುದೇ ಅವರಿಗೆ ಅಗ್ಗ. ಅವರು ಕಟ್ಟಿದರೆ ಕಂಪನಿಗೆ 30 ಕೋಟಿ, ಅಂದರೆ ಆರೂವರೆ ತಿಂಗಳ ಉಸಿರು. ಕಟ್ಟದಿದ್ದರೆ ಬೆಂಬಲ ಪತ್ರ ಎಂಬುದು ಬರೀ ಪತ್ರ.

ಕೊಪ್ಪಿಕರ ರಸ್ತೆ

ಅದಕ್ಕೇ ಅಲ್ಲವೇ ಬೆಲೆ 28ರಲ್ಲಿ ತಿರುಗುವುದು! ನಾನು ಹೇಳಿದ್ದೂ ಅದನ್ನೇ.

ಕೇಶ್ವಾಪುರದ ನಿವೃತ್ತ

ನೀವು ಹೇಳಿದ್ದು ಕೊಳ್ಳಿ ಎಂದು. ಯಾರು ಏಕೆ ಕೊಳ್ಳುತ್ತಿದ್ದಾರೆಂದು ನಮಗೆ ಗೊತ್ತಿಲ್ಲ, ಅದರ ಮೇಲೆ ಮಾಸ್ತರ ಸಂಬಳ ಕಟ್ಟುವುದು ಬೇಡ.

ಬಾಗಿಲು ಮುಚ್ಚಿದರೆ ಯಾರಿಗೆ ಎಷ್ಟು ಎಂಬುದನ್ನು ಹೇಳಿ ನಾನು ಸುಮ್ಮನಾಗುತ್ತೇನೆ. 2016ರ ದಿವಾಳಿ ಸಂಹಿತೆಯ 53ನೇ ಕಲಮಿನಲ್ಲಿ ಸಾಲು ಬರೆದಿಟ್ಟಿದ್ದಾರೆ. ಮೊದಲು ಪ್ರಕ್ರಿಯೆಯ ಖರ್ಚು. ಆಮೇಲೆ ಆಸ್ತಿ ಅಡವಿಟ್ಟುಕೊಂಡ ಬ್ಯಾಂಕು ಮತ್ತು ಕಾರ್ಮಿಕರ 24 ತಿಂಗಳ ಬಾಕಿ. ನಂತರ ಇತರ ನೌಕರರು, ಅಡವಿಲ್ಲದ ಸಾಲ ಕೊಟ್ಟವರು, ಸರ್ಕಾರದ ಬಾಕಿ. ಲೇಥ್‌ನವರಂತಹ ಸರಬರಾಜುದಾರರು ಅದಕ್ಕೂ ಕೆಳಗೆ. ಕಟ್ಟಕಡೆಗೆ ಮಾಸ್ತರು. 2021ರಲ್ಲಿ ಗೃಹಸಾಲ ಕಂಪನಿ ಡಿಎಚ್‌ಎಫ್‌ಎಲ್ ಬೇರೆಯವರ ಕೈಗೆ ಹೋದಾಗ ಷೇರುದಾರರಿಗೆ ಸಿಕ್ಕಿದ್ದು ಸೊನ್ನೆ, ಷೇರು ಪೇಟೆಯ ಪಟ್ಟಿಯಿಂದಲೇ ಹೋಯಿತು. ಕೊನೆಯ ದಿನಗಳವರೆಗೂ ಅದನ್ನು ಕೊಳ್ಳುವವರು ಇದ್ದರು.

ಇನ್ನೊಂದು ಮಾತು. ರೇಟಿಂಗ್ ಸಂಸ್ಥೆಗಳ ಜಾಲತಾಣದಲ್ಲಿ ಕಂಪನಿಯ ಹೆಸರು ಹಾಕಿ ನೋಡಿ, ದುಡ್ಡು ಕೊಡಬೇಕಿಲ್ಲ. ‘ಸಹಕರಿಸುತ್ತಿಲ್ಲ’ ಎಂಬ ಷರಾ ಕಂಡರೆ, ಕಂಪನಿ ತನ್ನ ರೇಟಿಂಗ್ ಸಂಸ್ಥೆಗೂ ಲೆಕ್ಕ ತೋರಿಸುತ್ತಿಲ್ಲ ಎಂದರ್ಥ.

ಬ್ಯಾಡಗಿ ಗಾಡಿ

ಷೇರಿನ ವಿಷಯ ನನಗೆ ತಿಳಿಯದು. ಗಾಡಿಯ ವಿಷಯ ನಡೆದಿದೆ ಎಂದು ಒಳಗೆ ಬಂದೆ. ಬ್ಯಾಡಗಿಯ ಮಾರುಕಟ್ಟೆಯಲ್ಲಿ ಮೆಣಸಿನಕಾಯಿ ಚೀಲ ಹೊರುವ ಬಾಡಿಗೆ ಗಾಡಿ ನನ್ನದು, ವಿದ್ಯುತ್ ಆಟೊ. ನೀವು ಹೇಳುವ ಕಂಪನಿಯದೋ ಅಲ್ಲವೋ, ಸಣ್ಣ ಕಂಪನಿಯದೇ. ಗಾಡಿ ಒಳ್ಳೆಯದು, ಸುಳ್ಳು ಹೇಳಬಾರದು. ಆದರೆ ಕಂಟ್ರೋಲರ್ ಸುಟ್ಟು 43 ದಿನವಾಯಿತು. ಖಾತರಿ ಅವಧಿಯಲ್ಲಿಯೇ ಇದೆ. ಹುಬ್ಬಳ್ಳಿಯ ಸರ್ವಿಸ್ ಕೇಂದ್ರಕ್ಕೆ ಎಂಟು ಸಲ ಫೋನ್ ಮಾಡಿದೆ. “ಮೇಲಿಂದ ಬಂದಿಲ್ಲ” ಎನ್ನುತ್ತಾರೆ. ಒಂದು ದಿನ ನಾನೇ ಹೋದೆ. ಹಿತ್ತಿಲ ಶೆಡ್‌ನಲ್ಲಿ ಮೂರು ಗಾಡಿ ನಿಂತಿದ್ದವು, ಮೂರರ ಹೊಟ್ಟೆಯೂ ಖಾಲಿ. ಹುಡುಗ ಮೆಲ್ಲಗೆ ಹೇಳಿದ, ಇವುಗಳ ಭಾಗ ಬಿಚ್ಚಿಯೇ ಉಳಿದವನ್ನು ಓಡಿಸುತ್ತಿದ್ದೇವೆ ಎಂದು. ತಿಂಗಳಿಗೆ 9,200 ಕಂತು ಮಾತ್ರ ತಪ್ಪದೆ ಹೋಗುತ್ತಿದೆ.

ಆರ್ಟಿಕಲ್‌ಶಿಪ್ ಎರಡನೇ ವರ್ಷ

ಅಣ್ಣ, ನಿಮ್ಮ ಮಾತು ಓದಿ ಮಾಸ್ತರ ಕಂಪನಿಯ ವರದಿಯಲ್ಲಿ ಖಾತರಿ ವೆಚ್ಚಕ್ಕೆ ತೆಗೆದಿಟ್ಟ ಮೊತ್ತ ಎಷ್ಟು ಎಂದು ಅವರನ್ನು ಕೇಳಿದೆ. 5 ಕೋಟಿ ಇದ್ದದ್ದು 3 ಆಗಿದೆ. ರಸ್ತೆಯಲ್ಲಿರುವ ಗಾಡಿಗಳು ಹೆಚ್ಚಾಗುತ್ತವೆ, ಹಳೆಯದಾಗುತ್ತವೆ. ತೆಗೆದಿಡುವ ಹಣ ಕಡಿಮೆಯಾಗುತ್ತದೆ. ಅಷ್ಟು ಇಳಿಸದಿದ್ದರೆ ನಷ್ಟ ಇನ್ನೂ ಹೆಚ್ಚು ಕಾಣುತ್ತಿತ್ತು. ನಾನು ಕಚೇರಿಯಲ್ಲಿ ಆ ಸಾಲಿಗೆ ಸರಿ ಗುರುತು ಹಾಕಿ ಪುಟ ತಿರುಗಿಸುತ್ತಿದ್ದೆ.

ಮಾಳಮಡ್ಡಿ ಮಾಸ್ತರ

ಮೂರು ದಿನದಲ್ಲಿ ಮೂರು ಭಾಗ ಮಾಡಿ 1,490 ಷೇರು ಮಾರಿದೆ. ಒಂದೇ ಸಲ ಹಾಕಿದ್ದರೆ ಕೊಳ್ಳುವವರು ಸಾಲುತ್ತಿರಲಿಲ್ಲ. ದಿನಕ್ಕೆ ಆಗುವ ವ್ಯವಹಾರವೇ ಏಳೆಂಟು ಸಾವಿರ ಷೇರು. ಸರಾಸರಿ 29.60 ಸಿಕ್ಕಿತು. ಸುಮಾರು 81,000 ರೂಪಾಯಿ ಹೋಯಿತು. ಮನೆಯಲ್ಲಿ ಪೂರ್ತಿ ಅಂಕಿ ಹೇಳಿಲ್ಲ.

ಹತ್ತು ಷೇರು ಉಳಿಸಿಕೊಂಡಿದ್ದೇನೆ. ಸೆಪ್ಟೆಂಬರ್‌ನಲ್ಲಿ ಕಂಪನಿಯ ವಾರ್ಷಿಕ ಸಭೆ ವಿಡಿಯೊದಲ್ಲಿ ನಡೆಯುತ್ತದೆ. ಷೇರುದಾರರು ಮೊದಲೇ ಹೆಸರು ಕೊಟ್ಟರೆ ಪ್ರಶ್ನೆ ಕೇಳಬಹುದಂತೆ. ಸಣ್ಣ ಘಟಕಗಳ 29 ಕೋಟಿಯ ಮೇಲಿನ ಬಡ್ಡಿಯ ಜಾಗದಲ್ಲಿ ಆ ಅಡ್ಡಗೆರೆ ಏಕಿದೆ ಎಂದು ಕೇಳುತ್ತೇನೆ. ಹೆಸರು ಕೊಟ್ಟಾಗಿದೆ.

ಆರ್ಟಿಕಲ್‌ಶಿಪ್ ಎರಡನೇ ವರ್ಷ

ಸರ್, ವರ್ಷ ದಾಟಿದ್ದರಿಂದ ಇದು ದೀರ್ಘಾವಧಿ ಬಂಡವಾಳ ನಷ್ಟ. ಗಡುವಿನೊಳಗೆ ರಿಟರ್ನ್ ಸಲ್ಲಿಸಿದರೆ ಎಂಟು ವರ್ಷ ಮುಂದಕ್ಕೆ ಒಯ್ದು, ದೀರ್ಘಾವಧಿ ಲಾಭ ಬಂದಾಗ ಅದರಲ್ಲಿ ಕಳೆಯಬಹುದು. ತಡ ಮಾಡಬೇಡಿ.

ಕೊಪ್ಪಿಕರ ರಸ್ತೆ

ಇಂದು 30.15. ಬರೆದಿಟ್ಟುಕೊಳ್ಳಿ.

ಬ್ಯಾಡಗಿ ಗಾಡಿ

ಮಾಸ್ತರೇ, ನೀವು ಷೇರು ಮಾರಿದಿರಿ, ಒಳ್ಳೆಯದಾಯಿತು. ನನ್ನ ಗಾಡಿಯನ್ನು ಈಗ ಯಾರೂ ಕೊಳ್ಳುವುದಿಲ್ಲ. ಆ ಕಂಟ್ರೋಲರ್ ಹೊರಗೆ ಎಲ್ಲಾದರೂ ಸಿಗುತ್ತದೆಯೇ, ಯಾರಿಗಾದರೂ ಗೊತ್ತಿದ್ದರೆ ಹೇಳಿ.

ತಾರಿಹಾಳ ಲೇಥ್

ಬೇರೆ ಕಂಪನಿಯ ಕಂಟ್ರೋಲರ್ ಕೂರಿಸಿ ವೈರಿಂಗ್ ಬದಲಿಸಿಕೊಡುವ ಹುಡುಗನೊಬ್ಬ ಗೋಕುಲ ರಸ್ತೆಯಲ್ಲಿ ಇದ್ದಾನೆ. ಖಾತರಿ ಹೋಗುತ್ತದೆ, ಅದನ್ನು ಯೋಚಿಸಿ. ಕೂರಿಸಲು ಬ್ರಾಕೆಟ್ ಬೇರೆ ಅಳತೆಯದು ಬೇಕಾಗುತ್ತದೆ, ಅದನ್ನು ನಾನು ಮಾಡಿಕೊಡುತ್ತೇನೆ. ಸುಟ್ಟ ಕಂಟ್ರೋಲರ್ ಮೇಲಿನ ಚೀಟಿಯ ಫೋಟೊ ತೆಗೆದು ಇಲ್ಲಿ ಹಾಕಿ. ವೋಲ್ಟೇಜ್ ಮತ್ತು ಆಂಪಿಯರ್ ಸ್ಪಷ್ಟವಾಗಿ ಕಾಣಬೇಕು.